ವಾರವಿಡೀ ಆಫೀಸ್ ಕಾರು, ಒಂದು ದಿನ ರೇಸ್ ಟ್ರ್ಯಾಕ್: ಬೆಂಗಳೂರಿನವರಿಗೊಂದು ಮಾರ್ಗದರ್ಶಿ

ಕಾರಿನ ಹುಚ್ಚಿರುವ ನಾಲ್ಕು ಜನ ಟೀ ಅಂಗಡಿ ಮುಂದೆ ಸೇರಿದರೆ ಮಾತು ಹತ್ತೇ ನಿಮಿಷದಲ್ಲಿ ರೀಮ್ಯಾಪ್‌ಗೆ, ಅಂದರೆ ಎಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ ಪವರ್ ಹೆಚ್ಚಿಸುವುದಕ್ಕೆ, ಬರುತ್ತದೆ. ಯಾರ ಹತ್ತಿರ ಮಾಡಿಸಿದೆ, ಎಷ್ಟು ಪವರ್ ಜಾಸ್ತಿ ಆಯ್ತು, ಸೈಲೆನ್ಸರ್ ಯಾವುದು ಹಾಕಿಸಿದೆ. ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದೆ ಅಂತ ಕೇಳುವವರು ತೀರಾ ಕಡಿಮೆ. ನಾನು ಆ ಕಡಿಮೆ ಜನರ ಗುಂಪಿಗೆ ಸೇರಿದವನು. ಬ್ರೇಕು, ಟೈರು, ಓಡಿಸುವವರ ಕೈಕಾಲು ಮೊದಲು. ಎಂಜಿನ್ ಕೊನೆಗೆ.

ಇಲ್ಲಿ ಹೇಳುವುದು ದಿನಾ ಔಟರ್ ರಿಂಗ್ ರೋಡಿನಲ್ಲಿ ತೆವಳುವ ಸಾಮಾನ್ಯ ಕಾರಿನ ಬಗ್ಗೆ. ಸ್ವಿಫ್ಟ್, ಪೋಲೋ, ಐ20 ಎನ್ ಲೈನ್, ವರ್ಟಸ್, ಸಿಟಿ, ಯಾವುದಾದರೂ ಸರಿ. ಅದನ್ನೇ ಒಂದು ದಿನ ಟ್ರ್ಯಾಕ್‌ಗೆ ಒಯ್ದು, ಮನಸಾರೆ ಓಡಿಸಿ, ಅದರಲ್ಲೇ ಮನೆಗೆ ಬಂದು, ಸೋಮವಾರ ಆಫೀಸಿಗೂ ಹೋಗಬೇಕು. ಅದಕ್ಕೆ ಏನೇನು ಮಾಡಬೇಕು ಅಂತ ಒಂದೊಂದಾಗಿ ನೋಡೋಣ.

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ

ನಂದಿ ಬೆಟ್ಟದ ತಿರುವು, ನೈಸ್ ರಸ್ತೆ, ಬೆಳಗಿನ ಜಾವದ ಏರ್‌ಪೋರ್ಟ್ ರಸ್ತೆ, ಇವು ಯಾವುವೂ ಬೇಡ. ವೇಗ ಕಲಿಯುವುದು ಅಂದರೆ ಒಂದೇ ತಿರುವನ್ನು ಸ್ವಲ್ಪ ಸ್ವಲ್ಪ ಬದಲಿಸಿ ಮತ್ತೆ ಮತ್ತೆ ತೆಗೆದುಕೊಳ್ಳುವುದು. ತಪ್ಪಿದರೆ ಕಾರು ಜಾರಿ ನಿಲ್ಲಲು ಖಾಲಿ ಜಾಗ ಇರಬೇಕು. ತಿರುವಿನ ಆಚೆ ಹಾಲಿನ ಟೆಂಪೋ ಇದೆಯೋ ಸೈಕಲ್ ಇದೆಯೋ ಗೊತ್ತಾಗದ ಕಡೆ ಇದು ಸಾಧ್ಯವೇ ಇಲ್ಲ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. 119 ಕಿ.ಮೀ. ಉದ್ದದ ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ ಇದೆ, ಉದ್ದಕ್ಕೂ ಕ್ಯಾಮೆರಾ ಇವೆ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿಸಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ಪೊಲೀಸರು ಹೇಳಿದ್ದೂ ನೆನಪಿರಲಿ.

ನಮ್ಮೂರಲ್ಲಿ ಕಾರು ಓಡಿಸುವಂಥ ದೊಡ್ಡ ರೇಸ್ ಟ್ರ್ಯಾಕ್ ಇಲ್ಲ. ಆದರೆ ಒಂದು ದಿನದ ದಾರಿಯಲ್ಲಿ ಎರಡು ಸಿಗುತ್ತವೆ. ಒಂದು, ಚೆನ್ನೈಗೆ ಮುಂಚೆ ಶ್ರೀಪೆರಂಬದೂರು ದಾಟಿದ ಮೇಲೆ ಇರುಂಗಾಟ್ಟುಕೋಟೈಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಟ್ರ್ಯಾಕ್. ಪೂರ್ತಿ ಸುತ್ತು ಸುಮಾರು 3.7 ಕಿ.ಮೀ. ಬೆಂಗಳೂರಿನಿಂದ 300 ಕಿ.ಮೀ. ಆಸುಪಾಸು. ಇನ್ನೊಂದು ಕೊಯಮತ್ತೂರು ಬಳಿ ಚೆಟ್ಟಿಪಾಳಯಂನ ಕರಿ ಮೋಟಾರ್ ಸ್ಪೀಡ್‌ವೇ. ಇದು 2 ಕಿ.ಮೀ.ಗಿಂತ ಸ್ವಲ್ಪ ಉದ್ದ, ದೂರ 360 ಕಿ.ಮೀ. ಆಸುಪಾಸು. ಮೊದಲ ಸಲಕ್ಕೆ ನನ್ನ ಆಯ್ಕೆ ಕರಿ. ಟ್ರ್ಯಾಕ್ ಚಿಕ್ಕದು, ಒಂದು ಸುತ್ತು ಬೇಗ ಮುಗಿಯುತ್ತದೆ. ಹಾಗಾಗಿ ಅದೇ ತಿರುವು ಬೇಗ ಬೇಗ ಮತ್ತೆ ಎದುರಾಗುತ್ತದೆ. ಚೆನ್ನೈ ಟ್ರ್ಯಾಕ್‌ನಲ್ಲಿ ವೇಗ ಜಾಸ್ತಿ, ಬ್ರೇಕಿಗೆ ಕೆಲಸವೂ ಜಾಸ್ತಿ.

ಎರಡೂ ಕಡೆ ಯಾವಾಗ ಬೇಕೋ ಆವಾಗ ಹೋಗಿ ಓಡಿಸಲು ಆಗುವುದಿಲ್ಲ. ಕ್ಲಬ್‌ಗಳೋ ಡ್ರೈವಿಂಗ್ ಶಾಲೆಗಳೋ ಟ್ರ್ಯಾಕ್ ಡೇ, ಅಂದರೆ ನಮ್ಮದೇ ಕಾರನ್ನು ಟ್ರ್ಯಾಕ್‌ನಲ್ಲಿ ಓಡಿಸಲು ಬಿಡುವ ದಿನ, ನಡೆಸಿದಾಗ ಹೆಸರು ಕೊಡಬೇಕು. ಪಕ್ಕದಲ್ಲಿ ಕೂತು ಹೇಳಿಕೊಡುವವರು ಇದ್ದಾರಾ, ಹೊಸಬರಿಗೆ ಬೇರೆ ಗುಂಪು ಮಾಡುತ್ತಾರಾ, ಆಂಬುಲೆನ್ಸ್ ನಿಂತಿರುತ್ತದಾ ಅಂತ ಕೇಳಿ. ಈ ಮೂರಕ್ಕೂ ಹೌದು ಅನ್ನದಿದ್ದರೆ ಬಿಟ್ಟುಬಿಡಿ. ದಿನಾಂಕ ಆರಿಸುವ ಅವಕಾಶ ಇದ್ದರೆ ಜನವರಿ, ಫೆಬ್ರವರಿ ಒಳ್ಳೆಯದು. ಚೆನ್ನೈ ಕಡೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ, ಏಪ್ರಿಲ್ ನಂತರ ಕಾರೂ ಬೇಯುತ್ತದೆ, ನೀವೂ ಬೇಯುತ್ತೀರಿ.

ಅದಕ್ಕೂ ಮುಂಚೆ ಬಾಗಲೂರು ಕಡೆಯ ಮೆಕೊ ಕಾರ್ಟೋಪಿಯಾದಂಥ ಗೋ-ಕಾರ್ಟ್ ಟ್ರ್ಯಾಕ್‌ನಲ್ಲಿ ಕೆಲವು ಸಂಜೆ ಕಳೆಯಿರಿ. ಮಕ್ಕಳಾಟ ಅಂದುಕೊಳ್ಳಬೇಡಿ. ಎಲ್ಲಿ ಬ್ರೇಕ್, ಎಲ್ಲಿ ತಿರುವು, ಎಲ್ಲಿ ನೋಟ ಅನ್ನುವುದನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ಇನ್ನೆಲ್ಲೂ ಕಲಿಯಲು ಆಗುವುದಿಲ್ಲ.

ಒಂದು ತಿಂಗಳ ಮುಂಚೆ: ಬ್ರೇಕ್

ಇದನ್ನು ಬಿಡಿಸಿ ಹೇಳುತ್ತೇನೆ. ಟ್ರ್ಯಾಕ್‌ನಲ್ಲಿ ಸಾಮಾನ್ಯ ಕಾರು ಮೊದಲು ಕೈಕೊಡುವುದು ಇಲ್ಲೇ.

100ರಲ್ಲಿ ಓಡುವ ಕಾರನ್ನು ನಿಲ್ಲಿಸಲು ಬ್ರೇಕು ಎಷ್ಟು ಶಕ್ತಿಯನ್ನು ಬಿಸಿಯಾಗಿ ಬದಲಿಸಬೇಕೋ, 140ರಲ್ಲಿ ಓಡುವ ಕಾರಿಗೆ ಅದರ ಹೆಚ್ಚುಕಡಿಮೆ ಎರಡರಷ್ಟು ಬೇಕು. ಊರೊಳಗೆ ಇಂಥ ಬ್ರೇಕ್ ತಿಂಗಳಿಗೊಮ್ಮೆಯೂ ಹಾಕುವುದಿಲ್ಲ. ಟ್ರ್ಯಾಕ್‌ನಲ್ಲಿ ಪ್ರತಿ ಸುತ್ತಿಗೂ ಹಾಕುತ್ತೀರಿ. ಡಿಸ್ಕ್ ತಣ್ಣಗಾಗುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ.

ಆ ಬಿಸಿ ಡಿಸ್ಕ್‌ಗೆ ಒತ್ತಿಕೊಳ್ಳುವ ಪ್ಯಾಡ್‌ನಿಂದ ಪ್ಯಾಡನ್ನು ಒತ್ತುವ ಕ್ಯಾಲಿಪರ್‌ಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಹೋಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ಮಾನದಂಡ. ತೇವ ಹಿಡಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಒಮ್ಮೆ ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತವೆ. ದ್ರವವನ್ನು ಅದುಮಲು ಆಗುವುದಿಲ್ಲ, ಗುಳ್ಳೆಯನ್ನು ಅದುಮಬಹುದು. ಪೆಡಲ್ ಒತ್ತಿದರೆ ಮೆತ್ತಗೆ ನೆಲಕ್ಕೆ ಹೋಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ.

ಹಾಗಾಗಿ ಹೊರಡುವ ಕೆಲವು ದಿನ ಮುಂಚೆ ಪೂರ್ತಿ ಆಯಿಲ್ ಬದಲಾಯಿಸಿ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸಿ. ನಿಮ್ಮ ಕಾರಿನ ಪುಸ್ತಕ ಒಪ್ಪಿದರೆ ಡಾಟ್ 5.1 ಹಾಕಿಸಿ, ಅದರ ಮಿತಿ ಹೊಸದರಲ್ಲಿ 260, ತೇವ ಹಿಡಿದಾಗ 180. ಡಾಟ್ 5 ಬೇಡ. ಹೆಸರು ಒಂದೇ ತರ ಇದ್ದರೂ ಅದು ಸಿಲಿಕೋನ್‌ನದು, ಇವುಗಳ ಜೊತೆ ಬೆರೆಯುವುದಿಲ್ಲ. ಆಯಿಲ್‌ಗೆ ಆಗುವ ಖರ್ಚು ಕೆಲವು ನೂರು ರೂಪಾಯಿ. ಸೀಲ್ ಒಡೆಯದ ಹೊಸ ಡಬ್ಬಿಯನ್ನು ನಿಮ್ಮ ಕಣ್ಣೆದುರೇ ತೆರೆಸಿ. ಗ್ಯಾರೇಜಿನ ಮೂಲೆಯಲ್ಲಿ ಅರ್ಧ ಮುಗಿದು ಕೂತ ಡಬ್ಬಿ ಆಗಲೇ ತೇವ ಕುಡಿದಿರುತ್ತದೆ.

ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ಹೊಸದು ಹಾಕಿಸಿ. ತೆಳು ಪ್ಯಾಡ್ ಬಿಸಿಯನ್ನು ಬೇಗ ಆಯಿಲ್‌ಗೆ ದಾಟಿಸುತ್ತದೆ. ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೆ ಅಸಲಿ ಯಾವುದು ಅಂತ ಗುರುತಿಸಲು ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ, ಬಿಲ್ ಇಲ್ಲದೆ ತರಬೇಡಿ. ಹೊಸ ಪ್ಯಾಡ್ ಹಾಕಿದ ಮೇಲೆ ಅದು ಡಿಸ್ಕ್‌ಗೆ ಸರಿಯಾಗಿ ಕೂರಲು ಕೆಲವು ನೂರು ಕಿ.ಮೀ. ಮಾಮೂಲಿ ಓಡಾಟ ಬೇಕು. ಟ್ರ್ಯಾಕ್‌ನ ಹಿಂದಿನ ದಿನ ಹಾಕಿಸಿದರೆ ಪ್ರಯೋಜನವಿಲ್ಲ.

ಟ್ರ್ಯಾಕ್‌ನಲ್ಲಿ ಒಂದು ವ್ಯತ್ಯಾಸ ನಿಮ್ಮ ಕಾಲಿಗೆ ಗೊತ್ತಾಗಬೇಕು. ಪೆಡಲ್ ಗಟ್ಟಿಯಾಗಿಯೇ ಇದೆ, ಕಾರು ನಿಲ್ಲುತ್ತಿಲ್ಲ ಅಂದರೆ ಪ್ಯಾಡ್ ಕಾದಿದೆ. ಎರಡು ಸುತ್ತು ನಿಧಾನ ಓಡಿಸಿದರೆ ಸರಿಹೋಗುತ್ತದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದೆ ಅಂದರೆ ಆಯಿಲ್ ಕುದ್ದಿದೆ. ಪಟಪಟ ಅಂತ ನಾಲ್ಕೈದು ಸಲ ಪೆಡಲ್ ಒತ್ತಿ, ಗೇರ್ ಇಳಿಸಿ, ಒಳಗೆ ಬನ್ನಿ. ಆಯಿಲ್ ಬದಲಾಯಿಸಿ ಗಾಳಿ ತೆಗೆಸುವವರೆಗೆ ಆ ಕಾರು ಮತ್ತೆ ಟ್ರ್ಯಾಕ್‌ಗೆ ಇಳಿಯಬಾರದು, ಹೆದ್ದಾರಿಗೂ ಇಳಿಯಬಾರದು.

ಟೈರು, ಗಾಳಿ ಮತ್ತು ಬೆಂಗಳೂರಿನ ಎತ್ತರ

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 1424 ಅಂದರೆ 2024ರ 14ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಟೈರಿನಲ್ಲಿ ಹೋಗಬೇಡಿ, ಗುಂಡಿಗೆ ಬಿದ್ದು ಪಕ್ಕ ಉಬ್ಬಿದ್ದರಂತೂ ಬೇಡವೇ ಬೇಡ. ನಮ್ಮ ರಸ್ತೆಗಳಲ್ಲಿ ಆ ಉಬ್ಬು ಒಳಪಕ್ಕದಲ್ಲೂ ಇರಬಹುದು. ಕಾರನ್ನು ಲಿಫ್ಟ್ ಮೇಲೆ ಏರಿಸಿಯೇ ನೋಡಿಸಿ. ವೀಲ್ ಅಲೈನ್‌ಮೆಂಟ್ ಅದೇ ದಿನ ಮುಗಿಸಿ.

ಗಾಳಿಯ ವಿಷಯದಲ್ಲಿ ಒಂದು ತಮಾಷೆ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ 33 ಪಿಎಸ್‌ಐ ಹಾಕಿಸಿ ಚೆನ್ನೈಗೆ ಇಳಿದರೆ, ಉಷ್ಣತೆ ಒಂದೇ ಇದ್ದಲ್ಲಿ ಗೇಜ್ ಸುಮಾರು 31.5 ತೋರಿಸುತ್ತದೆ. ಕೆಳಗೆ ಹೊರಗಿನ ಗಾಳಿಯ ಒತ್ತಡ ಜಾಸ್ತಿ, ಅದಕ್ಕೆ. ಆದರೆ ಅಲ್ಲಿ ಸೆಕೆಯೂ ಜಾಸ್ತಿ ಅಲ್ವಾ, ಹತ್ತು ಡಿಗ್ರಿ ಏರಿದರೆ ಒಂದೂವರೆ ಪಿಎಸ್‌ಐ ವಾಪಸ್ ಬರುತ್ತದೆ. ಯಾವ ಲೆಕ್ಕವನ್ನೂ ನಂಬದೆ ಬೆಳಿಗ್ಗೆ ಟ್ರ್ಯಾಕ್‌ನಲ್ಲಿ ಟೈರ್ ತಣ್ಣಗಿರುವಾಗ ನಿಮ್ಮದೇ ಗೇಜ್‌ನಲ್ಲಿ ನೋಡಿ, ಡ್ರೈವರ್ ಬಾಗಿಲ ಬಳಿ ಅಂಟಿಸಿದ ಪಟ್ಟಿಯಲ್ಲಿ ಬರೆದಷ್ಟು ಇಟ್ಟುಕೊಳ್ಳಿ.

ಇದೇ ಎತ್ತರದ ಇನ್ನೊಂದು ಪರಿಣಾಮ ಎಂಜಿನ್ನಿನ ಮೇಲೆ. ಟರ್ಬೊ ಇಲ್ಲದ ಕಾರು ಬೆಂಗಳೂರಿನ ತೆಳು ಗಾಳಿಯಲ್ಲಿ ಹತ್ತನೇ ಒಂದು ಭಾಗದಷ್ಟು ಶಕ್ತಿ ಕಳೆದುಕೊಂಡಿರುತ್ತದೆ. ಚೆನ್ನೈಯಲ್ಲಿ ಅದರ ಬಹುಪಾಲು ವಾಪಸ್ ಸಿಗುತ್ತದೆ. ಕಾರು ಚುರುಕಾಯ್ತು ಅಂತ ಖುಷಿಪಡಿ, ಆದರೆ ನೇರ ರಸ್ತೆಯ ಕೊನೆಯಲ್ಲಿ ವೇಗವೂ ಜಾಸ್ತಿ ಇರುತ್ತದೆ. ಬ್ರೇಕ್ ಸ್ವಲ್ಪ ಮುಂಚೆ ಹಾಕಿ.

ಕಾಗದ ಪತ್ರ

ಕಾರಿನ ವಿಮೆ ಪಾಲಿಸಿ ತೆಗೆದು ಬಳಕೆಯ ಮಿತಿ ಅನ್ನುವ ಭಾಗ ಓದಿ. ರೇಸಿಂಗ್, ಪೇಸ್ ಮೇಕಿಂಗ್, ಸ್ಪೀಡ್ ಟೆಸ್ಟಿಂಗ್ ಅನ್ನು ಸಾಮಾನ್ಯ ಪಾಲಿಸಿ ಹೊರಗಿಟ್ಟಿರುತ್ತದೆ. ಬರೀ ಟ್ರ್ಯಾಕ್ ಡೇ, ರೇಸ್ ಅಲ್ಲ ಅಂತ ವಾದ ಮಾಡಬಹುದು, ಆದರೆ ವಾದದ ಮೇಲೆ ಕಾರು ಒಡ್ಡುವುದು ಬೇಡ. ಟ್ರ್ಯಾಕ್‌ನಲ್ಲಿ ಗೋಡೆಗೆ ಹೊಡೆದರೆ ಪೂರ್ತಿ ದುಡ್ಡು ನಿಮ್ಮ ಜೇಬಿನದೇ ಅಂತ ತಿಳಿದು ಹೋಗಿ. ಸಾಲದ ಕಂತು ಇನ್ನೂ ಜಾಸ್ತಿ ಬಾಕಿ ಇರುವ ಕಾರನ್ನು ಒಯ್ಯುವ ಮುಂಚೆ ಮನೆಯವರ ಜೊತೆ ಮಾತಾಡಿ. ಟ್ರ್ಯಾಕ್ ಬಳಕೆಯ ಹಾನಿಗೆ ಕಂಪನಿ ವಾರಂಟಿಯನ್ನೂ ನೆಚ್ಚಿಕೊಳ್ಳಬೇಡಿ.

ಸಿಟಿಯಲ್ಲೇ ಮಾಡಬಹುದಾದ ಅಭ್ಯಾಸ

ಸೀಟ್ ಸರಿ ಮಾಡಿಕೊಳ್ಳುವುದರಿಂದ ಶುರು ಮಾಡಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಬೆನ್ನು ಸೀಟಿಗೆ ಅಂಟಿರುವಾಗ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ತಾಗಬೇಕು. ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ ಇರಲಿ. ಒಂದು ಕೈ ಸದಾ ಗೇರ್ ಲಿವರ್ ಮೇಲೆ, ಇನ್ನೊಂದರ ಹೆಬ್ಬೆರಳು ಹಾರ್ನ್ ಮೇಲೆ ಇಡುವ ನಮ್ಮೂರಿನ ಚಾಳಿಯನ್ನು ಬಿಡಲು ಒಂದು ತಿಂಗಳು ಬೇಕಾಗುತ್ತದೆ.

ಆಮೇಲೆ ಕಣ್ಣು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಾವು ಮುಂದಿನ ಕಾರಿನ ಬಂಪರ್ ಬಿಟ್ಟು ಬೇರೆ ನೋಡುವುದೇ ಇಲ್ಲ. ಟ್ರ್ಯಾಕ್‌ನಲ್ಲಿ ನೋಟ ಯಾವಾಗಲೂ ಮುಂದಿನ ಘಟ್ಟದಲ್ಲಿ ಇರಬೇಕು. ಬ್ರೇಕ್ ಹಾಕುವಾಗಲೇ ತಿರುವಿನ ಒಳಅಂಚು, ಒಳಅಂಚು ತಲುಪುವ ಮುಂಚೆಯೇ ಹೊರದಾರಿ. ಸಿಗ್ನಲ್‌ನಲ್ಲಿ ಮೂರನೇ, ನಾಲ್ಕನೇ ಕಾರಿನ ಬ್ರೇಕ್ ಲೈಟ್ ಗಮನಿಸುತ್ತಾ ಇದನ್ನು ರೂಢಿ ಮಾಡಿಕೊಳ್ಳಬಹುದು. ಸಿಗ್ನಲ್‌ಗೆ ಬರುವಾಗ ಗೇರ್ ಇಳಿಸುವ ಮುಂಚೆ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಎಂಜಿನ್ ವೇಗ ಹೊಂದಿಸುವುದನ್ನೂ ಕಲಿಯಿರಿ. ಕಾರು ಜಗ್ಗದೆ ಗೇರ್ ಬಿದ್ದರೆ ಕೈ ಕುದುರಿದೆ ಅಂತ ಅರ್ಥ.

ಹಿಂದಿನ ದಿನ

ಎಂಜಿನ್ ಆಯಿಲ್ ಮೇಲಿನ ಗೆರೆವರೆಗೆ ಇರಲಿ. ಕಾರಿನೊಳಗೆ ಸಡಿಲ ಇರುವುದೆಲ್ಲ ಹೊರಗೆ ಬರಬೇಕು: ನೀರಿನ ಬಾಟಲಿ, ಛತ್ರಿ, ಡ್ರೈವರ್ ಕಾಲಡಿಯ ಮ್ಯಾಟ್. ಡ್ಯಾಶ್‌ಬೋರ್ಡಿನ ಗಣಪತಿಯನ್ನು ಭಕ್ತಿಯಿಂದಲೇ ತೆಗೆದು ಗ್ಲೋವ್ ಬಾಕ್ಸ್‌ನಲ್ಲಿ ಕೂರಿಸಿ, ಜೋರು ಬ್ರೇಕಿಗೆ ಅವನೂ ಹಾರುತ್ತಾನೆ. ಜೊತೆಗೆ ಬೇಕಾದ್ದು: ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ತೆಳು ಅಡಿಯ ಶೂ, ಹತ್ತಿ ಬಟ್ಟೆ, ಗಾಳಿ ಗೇಜ್, 12 ವೋಲ್ಟ್ ಏರ್ ಪಂಪ್, ನಟ್ ಎಷ್ಟು ಬಿಗಿಯಾಗಿದೆ ಅಂತ ಅಳೆಯುವ ಟಾರ್ಕ್ ರೆಂಚ್, ಕಾರಿನ ಟೋ ಹುಕ್, ಒಂದು ಲೀಟರ್ ಎಂಜಿನ್ ಆಯಿಲ್, ಹೊಸ ಬ್ರೇಕ್ ಆಯಿಲ್ ಡಬ್ಬಿ, ಓಆರ್‌ಎಸ್ ಪೊಟ್ಟಣ.

ಬೆಳಿಗ್ಗೆ ಐದಕ್ಕೆ ಮುಂಚೆ ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಹೊಸೂರು ರಸ್ತೆಯ ಕಾಟ ಇರುವುದಿಲ್ಲ. ಟ್ರ್ಯಾಕ್ ಡೇ ದಿನವೇ ಹೊರಟು ತಲುಪುವ ಸಾಹಸ ಬೇಡ. ಹಿಂದಿನ ದಿನ ಹೋಗಿ ಅಲ್ಲೇ ಹತ್ತಿರ ಉಳಿದು ಚೆನ್ನಾಗಿ ನಿದ್ದೆ ಮಾಡಿ.

ಟ್ರ್ಯಾಕ್ ಮೇಲೆ

ಬ್ರೀಫಿಂಗ್‌ನಲ್ಲಿ ಬಾವುಟಗಳನ್ನು ಬಾಯಿಪಾಠ ಮಾಡಿ. ಹಳದಿ ಅಂದರೆ ಮುಂದೆ ಅಪಾಯ, ನಿಧಾನ, ಓವರ್‌ಟೇಕ್ ಇಲ್ಲ. ನೀಲಿ ಅಂದರೆ ಹಿಂದೆ ನಿಮಗಿಂತ ವೇಗದವರಿದ್ದಾರೆ, ದಾರಿ ಬಿಡಿ. ಕೆಂಪು ಅಂದರೆ ಸೆಷನ್ ನಿಂತಿದೆ. ಕಪ್ಪು ಅಂದರೆ ನೀವು ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ, ಬರಬೇಕು. ಕಾರು ಜಾರದಂತೆ ತಡೆಯುವ ಇಎಸ್‌ಪಿಯ ಬಟನ್ ಮುಟ್ಟಬೇಡಿ, ದಿನವಿಡೀ ಆನ್ ಇರಲಿ.

ಮೊದಲ ಸೆಷನ್ ಅರ್ಧ ವೇಗದಲ್ಲಿ. ಟ್ರ್ಯಾಕ್ ಯಾವ ಕಡೆ ತಿರುಗುತ್ತದೆ, ಬಾವುಟದವರು ಎಲ್ಲಿ ನಿಂತಿದ್ದಾರೆ, ಪ್ರತಿ ತಿರುವಿಗೂ ಬ್ರೇಕಿನ ಗುರುತು ಯಾವುದು, ಇಷ್ಟೇ ಕೆಲಸ. ಮೊಬೈಲಿನಲ್ಲಿ ಲ್ಯಾಪ್ ಟೈಮರ್ ಹಾಕಿಕೊಂಡು ಬಂದಿದ್ದರೆ ತೆಗೆದಿಡಿ. ಮೊದಲ ದಿನ ಆ ಅಂಕಿಯಿಂದ ಕೆಡುಕೇ ಜಾಸ್ತಿ.

ಎರಡನೆಯದರಿಂದ ಬ್ರೇಕ್ ಕಲಿಯಿರಿ. ಊರೊಳಗೆ ನಾವು ಮೆಲ್ಲಗೆ ಒತ್ತಲು ಶುರು ಮಾಡಿ ಕೊನೆಗೆ ಜೋರು ಮಾಡುತ್ತೇವೆ. ಇಲ್ಲಿ ಪೂರ್ತಿ ಉಲ್ಟಾ. ಕಾರು ನೇರ ಇರುವಾಗಲೇ ಗಟ್ಟಿಯಾಗಿ ಒತ್ತಿ, ವೇಗ ಇಳಿದ ಹಾಗೆಲ್ಲ ಕಾಲು ಸಡಿಲಿಸುತ್ತಾ ಬಂದು, ತಿರುವು ಶುರುವಾಗುವ ಹೊತ್ತಿಗೆ ಬಿಡಬೇಕು. ಗಟ್ಟಿಯಾಗಿ ಅಂದರೆ ಒದೆಯುವುದಲ್ಲ. ಕಾರಿನ ಭಾರ ಮುಂದಿನ ಚಕ್ರಗಳಿಗೆ ಬರಲು ಅರೆಕ್ಷಣ ಕೊಡಿ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬಂದು ಪೆಡಲ್ ನಡುಗಿದರೆ ಹೆದರಿ ಕಾಲೆತ್ತಬೇಡಿ. ಮುಂದಿನ ಸುತ್ತಿನಲ್ಲಿ ಒತ್ತಡ ಚೂರು ಕಡಿಮೆ ಮಾಡಿ ನೋಡಿ.

ಟೈರಿನ ಹಿಡಿತ ತಿಂಗಳ ಸಂಬಳ ಇದ್ದ ಹಾಗೆ. ಬ್ರೇಕಿಗೆ ಎಷ್ಟು ಖರ್ಚಾಯಿತೋ ತಿರುಗಲು ಅಷ್ಟು ಕಡಿಮೆ ಉಳಿಯುತ್ತದೆ. ಪೂರ್ತಿ ಬ್ರೇಕ್ ಒತ್ತಿ ಸ್ಟೀರಿಂಗೂ ತಿರುಗಿಸಿದರೆ ಕಾರು ನೇರ ಹೋಗುವುದು ಇದಕ್ಕೇ. ನಮ್ಮ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರ ಎಳೆಯುವಂಥವು. ತಿರುವಿನ ಮಧ್ಯೆ ಆತುರದಿಂದ ಆಕ್ಸಿಲರೇಟರ್ ಒತ್ತಿದರೆ ಮೂತಿ ಹೊರಗೆ ಜಾರುತ್ತದೆ. ಆಗ ಹೊಸಬರು ಸ್ಟೀರಿಂಗ್ ಇನ್ನೂ ತಿರುಗಿಸುತ್ತಾರೆ, ಅದರಿಂದ ಏನೂ ಆಗುವುದಿಲ್ಲ. ಆಕ್ಸಿಲರೇಟರ್ ಮೆಲ್ಲಗೆ ಸಡಿಲಿಸಿ, ಸ್ಟೀರಿಂಗ್ ಚೂರು ನೇರ ಮಾಡಿ, ಹಿಡಿತ ಬಂದ ಮೇಲೆ ಮತ್ತೆ ತಿರುಗಿಸಿ. ಮೆಲ್ಲಗೆ ಅನ್ನುವುದು ಮುಖ್ಯ. ಒಮ್ಮೆಲೇ ಕಾಲೆತ್ತಿದರೆ ಭಾರ ಮುಂದಕ್ಕೆ ಬಂದು ಹಿಂಭಾಗ ತಿರುಗಬಹುದು.

ಎರಡು ಚಕ್ರ ಮಣ್ಣಿಗೆ ಇಳಿದರೆ ಸ್ಟೀರಿಂಗ್ ಎಳೆದು ವಾಪಸ್ ಬರಲು ನೋಡಬೇಡಿ. ನೇರ ಹಿಡಿದು, ವೇಗ ತಾನಾಗಿ ಇಳಿದ ಮೇಲೆ ಮೇಲೆ ಬನ್ನಿ. ಕಾರು ಗಿರ್ರನೆ ತಿರುಗಿಯೇ ಬಿಟ್ಟರೆ ಕ್ಲಚ್, ಬ್ರೇಕ್ ಎರಡೂ ಪೂರ್ತಿ ಒತ್ತಿ ಹಿಡಿಯಿರಿ. ಒತ್ತಿದ ಹಾಗೇ ಇದ್ದರೆ ಕಾರು ಯಾವ ಕಡೆ ಜಾರುತ್ತದೆ ಅಂತ ಹಿಂದಿನವರಿಗೂ ಅಂದಾಜು ಸಿಗುತ್ತದೆ.

ಸೆಷನ್ ಹತ್ತು, ಹದಿನೈದು ನಿಮಿಷಕ್ಕೆ ಸಾಕು. ಕೊನೆಯ ಸುತ್ತು ಬ್ರೇಕ್ ಆದಷ್ಟು ಬಳಸದೆ ನಿಧಾನ ಓಡಿಸಿ, ಗಾಳಿಗೆ ಎಲ್ಲ ತಣಿಯಲಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಟರ್ಬೊ ಕಾರಾದರೆ ಒಂದೆರಡು ನಿಮಿಷ ಐಡಲ್‌ನಲ್ಲಿ ಓಡಲಿ. ಒಳಗೆ ಬಂದ ತಕ್ಷಣ ಟೈರ್ ಗಾಳಿ ನೋಡಿ. 33 ಇದ್ದದ್ದು 38, 40 ಆಗಿರಬಹುದು. ನಾಲ್ಕಕ್ಕೂ ಸ್ವಲ್ಪ ಸ್ವಲ್ಪ ಬಿಟ್ಟು 36ರ ಹತ್ತಿರ ತನ್ನಿ. ಟೈರಿನ ಭುಜದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಿದ್ದರೆ ಗೆರೆ ಎಲ್ಲಿವರೆಗೆ ಅಳಿಸಿದೆ ಅಂತ ನೋಡಿ. ಪಕ್ಕದ ಗೋಡೆವರೆಗೂ ಅಳಿಸಿದ್ದರೆ ಗಾಳಿ ಕಡಿಮೆ ಅಥವಾ ನೀವು ತಿರುವಿಗೆ ಬರುವ ವೇಗ ಜಾಸ್ತಿ. ಪೆಟ್ರೋಲ್ ಕಾಲು ಟ್ಯಾಂಕ್‌ಗಿಂತ ಕೆಳಗಿಳಿಯದಿರಲಿ. ಉದ್ದದ ತಿರುವಿನಲ್ಲಿ ಅದು ಒಂದು ಕಡೆ ಸರಿದು ಎಂಜಿನ್ ಕೆಮ್ಮುತ್ತದೆ.

ಮಧ್ಯಾಹ್ನ ಮೂರರ ಮೇಲಿನ ಸೆಷನ್ ಬಗ್ಗೆ ಒಂದು ಮಾತು. ಮೈ ಸೋತಿರುತ್ತದೆ, ಧೈರ್ಯ ಬೆಳೆದಿರುತ್ತದೆ, ಟೈರೂ ಬ್ರೇಕೂ ದಣಿದಿರುತ್ತವೆ. ಕೊನೆಯದನ್ನು ಬಿಟ್ಟುಕೊಟ್ಟರೆ ನಷ್ಟವೇನಿಲ್ಲ.

ಮನೆಗೆ ವಾಪಸ್

ಹೊರಡುವ ಮುಂಚೆ ವೀಲ್ ನಟ್‌ಗಳನ್ನು ಟಾರ್ಕ್ ರೆಂಚಿನಿಂದ ಪುಸ್ತಕದಲ್ಲಿ ಬರೆದಷ್ಟಕ್ಕೆ ನೋಡಿ. ಬಿಟ್ಟ ಗಾಳಿಯನ್ನು ಟೈರ್ ತಣ್ಣಗಾದ ಮೇಲೆ ಮತ್ತೆ ತುಂಬಿಸಿ. ಪೆಡಲ್ ಒತ್ತಿ ನೋಡಿ, ಪ್ಯಾಡ್ ಎಷ್ಟು ಉಳಿದಿದೆ ನೋಡಿ. ಟ್ರ್ಯಾಕ್‌ನಿಂದ ಹೊರಬಂದ ಮೊದಲ ಒಂದು ಗಂಟೆ ನಿಜವಾಗಿ ಅಪಾಯದ್ದು. 100 ಅನ್ನುವುದು ನಿಂತ ಹಾಗೆ ಅನ್ನಿಸುತ್ತದೆ. ಊಟ ಮಾಡಿ, ಅರ್ಧ ಗಂಟೆ ಕೂತು, ಆಮೇಲೆ ಹೊರಡಿ. ರಾತ್ರಿ ಆಯ್ತು ಅಂದರೆ ಅಲ್ಲೇ ಉಳಿಯಿರಿ.

ಆ ವಾರ ಗ್ಯಾರೇಜಿನಲ್ಲಿ ಬ್ರೇಕ್ ಗಾಳಿ ತೆಗೆಸಿ, ಎಂಜಿನ್ ಆಯಿಲ್ ಬದಲಾಯಿಸಿ. ಎಂಜಿನ್ ಆಯಿಲ್ ವಿಷಯದಲ್ಲಿ ಟ್ರ್ಯಾಕ್‌ಗೆ ಹೋಗದವರಿಗೂ ಒಂದು ಲೆಕ್ಕ ಹೇಳುತ್ತೇನೆ. ಊರೊಳಗೆ ಸರಾಸರಿ 18ರ ವೇಗದಲ್ಲಿ 10,000 ಕಿ.ಮೀ. ಮುಗಿಸಲು ಎಂಜಿನ್ 550 ಗಂಟೆಗೂ ಜಾಸ್ತಿ ಓಡಬೇಕು. ಹೆದ್ದಾರಿಯಲ್ಲಿ ಸರಾಸರಿ 80ರಲ್ಲಿ ಅದೇ ದೂರಕ್ಕೆ 125 ಗಂಟೆ. ಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. ಬೆಂಗಳೂರಿನ ಕಾರಿಗೆ ಕಂಪನಿ ಹೇಳಿದ್ದಕ್ಕಿಂತ ಮುಂಚೆಯೇ ಆಯಿಲ್ ಬದಲಾಯಿಸುವುದು ದುಂದು ಅಲ್ಲ. ಒಣ ಕ್ಲಚ್‌ನ ಡಿಎಸ್‌ಜಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಇದ್ದವರು ಟ್ರಾಫಿಕ್‌ನಲ್ಲಿ ಇಂಚಿಂಚು ತೆವಳದೆ, ಮುಂದೆ ಸ್ವಲ್ಪ ಜಾಗ ಬಿಟ್ಟು ಒಮ್ಮೆಗೇ ಮುಂದೆ ಹೋಗಿ. ಆ ಜಾಗಕ್ಕೆ ಆಟೋ ನುಗ್ಗುತ್ತದೆ, ನುಗ್ಗಲಿ.

ಮುಂದಿನ ದುಡ್ಡು ಎಲ್ಲಿಗೆ

ನನ್ನ ಪಟ್ಟಿಯಲ್ಲಿ ಮೊದಲು ಒಳ್ಳೆಯ ಟೈರು, ಆಮೇಲೆ ಹೆಚ್ಚು ಬಿಸಿ ತಡೆಯುವ ಪ್ಯಾಡು, ಆಮೇಲೆ ಹೇಳಿಕೊಡುವವರ ಜೊತೆ ಇನ್ನೊಂದು ಟ್ರ್ಯಾಕ್ ದಿನ. ಕಾರನ್ನು ತಗ್ಗಿಸುವ ಸ್ಪ್ರಿಂಗ್ ನಮ್ಮ ಬಡಾವಣೆಗಳ ಹಂಪ್‌ಗೆ ಹೊಂದುವುದಿಲ್ಲ. ಕಾರಿನ ಪುಸ್ತಕ 91 ಆಕ್ಟೇನ್ ಸಾಕು ಅಂದಿದ್ದರೆ 100 ಆಕ್ಟೇನ್ ಪೆಟ್ರೋಲ್ ಹಾಕಿಸುವುದು ಸುಮ್ನೆ ಖರ್ಚು.

ರೀಮ್ಯಾಪ್, ಸೈಲೆನ್ಸರ್ ಕೊನೆಗೆ, ಅದೂ ಕಾನೂನು ಗೊತ್ತಿದ್ದು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಒಪ್ಪಿಗೆ ಇಲ್ಲದ ಬದಲಾವಣೆಗೆ 182ಎ ಸೆಕ್ಷನ್‌ನಲ್ಲಿ ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಏನೇ ಬದಲಿಸಿದರೂ ಕಳಚಿದ ಮೂಲ ಪಾರ್ಟ್ಸ್ ಗುಜರಿಗೆ ಹಾಕಬೇಡಿ. ಚೀಲದಲ್ಲಿ ಕಟ್ಟಿ, ಮೇಲೆ ದಿನಾಂಕ, ಕಿ.ಮೀ. ಬರೆದು ಅಟ್ಟದ ಮೇಲಿಡಿ. ಕಾರು ಮಾರುವ ದಿನ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.